ಪಂಪ್‌ಶೆಡ್ ಕೆಲಸಕ್ಕೆ ಥರ್ಮಲ್ ಕ್ಯಾಮೆರಾ: ದುಡ್ಡು ಕೊಡುವ ಮೊದಲು ಈ ಲೆಕ್ಕ ನೋಡಿ

ಫರಂಗಿಪೇಟೆಯಲ್ಲಿ ನಮ್ಮದು ನೇತ್ರಾವತಿ ಬದಿಯ ಅಡಿಕೆ ತೋಟ. ಜೊತೆಗೆ ಸುತ್ತಮುತ್ತಲಿನವರ ಪಂಪ್‌ಸೆಟ್ ರಿಪೇರಿಗೂ ಹೋಗ್ತೇನೆ. ಫೋನಿಗೆ ಸಿಕ್ಕಿಸುವ ಸಣ್ಣ ಥರ್ಮಲ್ ಕ್ಯಾಮೆರಾ ತಗೊಂಡ ಹೊಸತರಲ್ಲಿ, ಒಂದು ಫೆಬ್ರವರಿ, ನೆರೆಮನೆ ಅಣ್ಣನ ಸ್ಟಾರ್ಟರ್ ಬೋರ್ಡ್ ನೋಡಿ "48 ಡಿಗ್ರಿ ಅಷ್ಟೆ, ಏನೂ ತೊಂದರೆ ಇಲ್ಲ" ಅಂದುಬಿಟ್ಟೆ. ಹತ್ತು ದಿನದೊಳಗೆ ಒಂದು ಫೇಸಿನ ಸ್ಕ್ರೂ ಸುಟ್ಟಿತು. ಎರಡೇ ಫೇಸಿನಲ್ಲಿ ಓಡಿದ ಮೋಟಾರೂ ಸುಟ್ಟಿತು. ರಿವೈಂಡಿಂಗ್ ಆಗಿ ಬರುವಷ್ಟರಲ್ಲಿ ತೋಟಕ್ಕೆ ಎಂಟು ದಿನ ನೀರಿಲ್ಲ, ನಳ್ಳಿ ಉದುರಿತು. ಅಣ್ಣ ಬೈಯಲಿಲ್ಲ. ಆದರೆ ತಪ್ಪು ನನ್ನದೇ. ಆ ತಪ್ಪಿನಿಂದ ಕಲಿತದ್ದು ಇಲ್ಲಿದೆ.

1. ಪಿಕ್ಸೆಲ್ ಲೆಕ್ಕ

ನನ್ನ ಕ್ಯಾಮೆರಾ 80×60 ಪಿಕ್ಸೆಲಿನದ್ದು. ಲೆನ್ಸ್ 50 ಡಿಗ್ರಿ ಅಗಲ ನೋಡುವಂಥದ್ದಾದರೆ ಒಂದು ಮೀಟರ್ ದೂರದಲ್ಲಿ ಸುಮಾರು 93 ಸೆಂ.ಮೀ. ಅಗಲ ಕಾಣ್ತದೆ. 80ರಿಂದ ಭಾಗಿಸಿ: ಒಂದು ಪಿಕ್ಸೆಲಿಗೆ ಹತ್ತಿರ ಹತ್ತಿರ 12 ಮಿ.ಮೀ. ಉಷ್ಣತೆ ಸರಿಯಾಗಿ ಸಿಗಬೇಕಾದರೆ ಕಡಿಮೆಯೆಂದರೂ 3×3 ಪಿಕ್ಸೆಲ್ ಬೇಕು, ಅಂದರೆ ಮೂರೂವರೆ ಸೆಂ.ಮೀ. ಜಾಗ. ಸ್ಕ್ರೂ ಇರುವುದು ಒಂದು ಸೆಂ.ಮೀ.! ಅದರ ಬಿಸಿ ಸುತ್ತಲಿನ ತಂಪಿನ ಜೊತೆ ಸೇರಿ ಸರಾಸರಿಯಾಗಿ 48 ತೋರಿಸಿತು.

ಅದೇ ಲೆನ್ಸಿನಲ್ಲಿ 256×192 ಆದರೆ ಮೂರು ಪಿಕ್ಸೆಲಿಗೆ ಸುಮಾರು 11 ಮಿ.ಮೀ. ಅರ್ಧ ಮೀಟರಿನಿಂದ ನೋಡಿದರೆ ಅದರ ಅರ್ಧ. ಬೋರ್ಡ್ ಕೆಲಸಕ್ಕೆ ಇದು ಸಾಕು. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವ 640×480 ಕೆಲವೊಮ್ಮೆ ಸ್ಕ್ರೀನಿನದ್ದೋ ಮಾಮೂಲಿ ಕ್ಯಾಮೆರಾದ್ದೋ ಇರ್ತದೆ. "ಇನ್ಫ್ರಾರೆಡ್ ರೆಸಲ್ಯೂಶನ್ ಎಷ್ಟು?" ಅಂತಲೇ ಕೇಳಿ.

2. ಎಮಿಸಿವಿಟಿ ಬದಲಿಸಲು ಬರಬೇಕು

ಹೊಳೆಯುವ ತಾಮ್ರ, ಅಲ್ಯೂಮಿನಿಯಂ ತಮ್ಮ ಶಾಖವನ್ನು ಹೊರಗೆ ತೋರಿಸುವುದು ಬಹಳ ಕಡಿಮೆ. ಕನ್ನಡಿಯ ಹಾಗೆ ಎದುರಿನದ್ದನ್ನೇ ತೋರಿಸ್ತವೆ. ಕರೆಂಟ್ ತೆಗೆದು, ಲಗ್ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ, ಮುಂದಿನ ಸಲ ಆ ಟೇಪನ್ನೇ ನೋಡಿ. ಸೆಟ್ಟಿಂಗ್ 0.95 ಇಡಿ.

3. ಉಳಿದ ಅಂಕಿಗಳು

ಅಳೆಯುವ ಮಿತಿ 350–400 ಡಿಗ್ರಿವರೆಗೆ ಇದ್ದರೆ ಒಳ್ಳೆಯದು. ಸೂಕ್ಷ್ಮತೆ 50 ಮಿಲಿಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ ಇರಲಿ. ಈ ಅಂಕಿ ಸಣ್ಣದಾದಷ್ಟೂ ಉತ್ತಮ. ನಿಂತ ಬೋರ್ಡಿಗೆ 9 ಹರ್ಟ್ಸ್ ಸಾಕು. ನಮ್ಮ ಮಳೆಗಾಲಕ್ಕೆ ಐಪಿ54 ರಕ್ಷಣೆ ಬೇಕೇ ಬೇಕು. ಫೋಟೋದೊಳಗೆ ಉಷ್ಣತೆಯ ಮಾಹಿತಿಯೂ ಉಳಿಯುವಂತಿದ್ದರೆ ಮನೆಗೆ ಬಂದ ಮೇಲೂ ಪರೀಕ್ಷಿಸಬಹುದು.

ನೋಡುವ ಕ್ರಮ

ಪಂಪ್ ಅರ್ಧ ಗಂಟೆಯಾದರೂ ಓಡಿರಬೇಕು. ಬರೇ ಒಂದು ಡಿಗ್ರಿ ಸಂಖ್ಯೆ ನಂಬಬೇಡಿ, ಮೂರೂ ಫೇಸ್ ಹೋಲಿಸಿ. ಕ್ಲ್ಯಾಂಪ್ ಮೀಟರಿನಲ್ಲಿ ಮೂರರ ಆಂಪಿಯರ್ ಸಮ ಇದ್ದೂ ಒಂದು ಜಾಯಿಂಟ್ ಮಾತ್ರ 15 ಡಿಗ್ರಿಗಿಂತ ಹೆಚ್ಚು ಬಿಸಿಯಾದರೆ ನಾಳೆಗೆ ಇಡಬೇಡಿ. ಮೇನ್ ಸ್ವಿಚ್ ತೆಗೆದು, ಟೆಸ್ಟರಿನಲ್ಲಿ ಖಾತ್ರಿ ಮಾಡಿ, ಲಗ್ ಬಿಚ್ಚಿ ಶುಚಿ ಮಾಡಿ ಬಿಗಿ ಮಾಡಿಸಿ. ಕರೆಂಟ್ ಇರುವಾಗ ಬೋರ್ಡಿನ ಮುಚ್ಚಳ ತೆಗೆಯುವುದು ಕೆಲಸ ಗೊತ್ತಿರುವ ಇಲೆಕ್ಟ್ರಿಶಿಯನ್ ಮಾತ್ರ. ಗಾಜು, ಅಕ್ರಿಲಿಕ್ ಮುಚ್ಚಳದ ಮೂಲಕ ಈ ಕ್ಯಾಮೆರಾಕ್ಕೆ ಒಳಗಿನದ್ದು ಕಾಣುವುದಿಲ್ಲ. ಬೋರ್‌ವೆಲ್ಲಿನೊಳಗಿನ ಮೋಟಾರಂತೂ ಇಲ್ಲವೇ ಇಲ್ಲ.

ಕೊಳ್ಳಬೇಕಾ?

ಒಂದೇ ಪಂಪ್ ಇರುವವರು ಕೊಳ್ಳುವುದು ಬೇಡ. ವರ್ಷಕ್ಕೊಮ್ಮೆ, ನೀರು ಹಾಕಲು ಶುರು ಮಾಡುವ ಡಿಸೆಂಬರಿನಲ್ಲಿ, ಕ್ಯಾಮೆರಾ ಇರುವವರನ್ನು ಕರೆಸಿದರೆ ಆಯ್ತು. ನನ್ನ ಹಾಗೆ ಹತ್ತಾರು ಶೆಡ್ ನೋಡುವವರು 256×192ಕ್ಕಿಂತ ಕೆಳಗೆ ಇಳಿಯಬೇಡಿ. ಇಬ್ಬರು ಮೂವರು ಸೇರಿ ತಗೊಂಡರೂ ನಡೀತದೆ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಬಿಸಿ ಚಹಾದ ಸ್ಟೀಲ್ ಲೋಟಕ್ಕೆ ಒಂದು ಬೆರಳಗಲ ಕಪ್ಪು ಟೇಪ್ ಅಂಟಿಸಿ, ಒಂದು ಮೀಟರ್ ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ ನೋಡಿ. ಟೇಪಿನ ಉಷ್ಣತೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬರಬೇಕು. ದೂರದಿಂದ ತುಂಬಾ ಕಡಿಮೆ ತೋರಿಸಿದರೆ, ಆ ಕ್ಯಾಮೆರಾ ಸ್ಕ್ರೂ ನೋಡುವ ಕೆಲಸಕ್ಕೆ ಆಗುವುದಿಲ್ಲ. ನಾನು ಆ ಫೆಬ್ರವರಿಗೆ ಮೊದಲು ಇಷ್ಟು ಮಾಡಿದ್ದರೆ ಅಣ್ಣನ ಮೋಟಾರ್ ಉಳೀತಿತ್ತು.