ಹಿಂಡಿಯ ಬೂಷ್ಟು ಹಾಲಿಗೆ ಬರುವ ದಾರಿ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಕಡೆ ಮನೆಯೊಳಗೆ ಒಣಗಿದ ವಸ್ತು ಎಂಬುದೇ ಇರುವುದಿಲ್ಲ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಇಗರ್ಜಿಗೆ ಹೋಗುವಾಗ ಹಾಕಲೆಂದು ಮಡಚಿಟ್ಟ ಅಂಗಿಗೂ ಬೂಷ್ಟು. ಹಾಗಿರುವಾಗ ಹಟ್ಟಿಯ ಮೂಲೆಯಲ್ಲಿಟ್ಟ ಹಿಂಡಿಗೆ ಬೂಷ್ಟು ಬಂದರೆ ಯಾರಿಗೂ ಅದು ದೊಡ್ಡ ಸಂಗತಿಯಾಗಿ ಕಾಣುವುದಿಲ್ಲ. ಆದರೆ ಚಪ್ಪಲಿಯ ಬೂಷ್ಟನ್ನು ಒರೆಸಿದರೆ ಮುಗಿಯಿತು. ಹಿಂಡಿಯ ಬೂಷ್ಟು ಹಾಗಲ್ಲ; ಅದು ಹಸುವಿನ ಹೊಟ್ಟೆಯನ್ನು ದಾಟಿ ಮಕ್ಕಳ ಲೋಟದವರೆಗೂ ಬರಬಲ್ಲದು.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಒಂದು ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹಿಂಡಿಯ ಗೋಣಿಯ ಅಡಿಭಾಗ ನೀರುಂಡು ಗಟ್ಟಿಯಾಗಿ, ಹೆಂಟೆಹೆಂಟೆಯಾಗಿ, ಹಸುರು ಬಣ್ಣಕ್ಕೆ ತಿರುಗಿತ್ತು. ಅಷ್ಟು ಹಣ ಕೊಟ್ಟು ತಂದದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. ಹೆಂಟೆಗಳನ್ನು ಪುಡಿಮಾಡಿ, ಸಿಕ್ಕಿದ ಎರಡು ದಿನದ ಬಿಸಿಲಿಗೆ ಹರಡಿ, ಅಕ್ಕಚ್ಚಿನಲ್ಲಿ ಕಲಸಿ ಹಸುವಿಗೆ ಇಟ್ಟೆವು. ಹಸು ಮೂಸಿ ನೋಡಿ ಅರ್ಧಕ್ಕೆ ಬಿಟ್ಟಿತು. ನಾವು ಬೆಲ್ಲದ ನೀರು ಬೆರೆಸಿ ತಿನ್ನಿಸಿದೆವು! ಹಾಲು ಕಡಿಮೆಯಾದಾಗ ಕರೆಸಿದ ಮೃಗಾಸ್ಪತ್ರೆಯ ಡಾಕ್ಟರರು ಹಸುವನ್ನು ನೋಡುವುದಕ್ಕೆ ಮೊದಲು ಗೋಣಿಯನ್ನು ನೋಡಿದರು. "ಹಸುವಿಗೆ ಗೊತ್ತಿದ್ದದ್ದು ನಿಮಗೆ ಗೊತ್ತಾಗಲಿಲ್ಲವೇ?" ಎಂದು ಕೇಳಿದರು. ಉತ್ತರ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಅದೇ ಹಾಲನ್ನು ಮನೆಯ ಮಕ್ಕಳೂ ಕುಡಿದಿದ್ದರು.

ಬೂಷ್ಟಿನೊಳಗಿನ ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ, ಅವುಗಳಿಗೆ ಹಾಕಿದ ನೆಲಗಡಲೆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ವಿಷವನ್ನು ಬಿಟ್ಟಿತ್ತೆಂದು ತಿಳಿಯಿತು. ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ನಮ್ಮ ದೇಶದಲ್ಲಿ ಇದರ ಪೆಟ್ಟು ಬಿದ್ದದ್ದು 1974ರಲ್ಲಿ. ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದ ಬಡ ಜನರಿಗೆ ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿ, ನೂರಕ್ಕೂ ಹೆಚ್ಚು ಮಂದಿ ತೀರಿಹೋದರು. ಅದೇ ಮನೆಗಳ ನಾಯಿಗಳೂ ಸತ್ತಿದ್ದವು.

ಅಷ್ಟು ದೊಡ್ಡ ಪ್ರಮಾಣದಲ್ಲಿ ಒಳಗೆ ಹೋದರೆ ಹೀಗೆ. ಸ್ವಲ್ಪಸ್ವಲ್ಪವಾಗಿ ಬಹಳ ವರ್ಷ ಹೋದರೆ ಪಿತ್ತಜನಕಾಂಗ, ಅಂದರೆ ಲಿವರ್, ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಫ್ಲಾಟಾಕ್ಸಿನನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಹಿಂಡಿಯಲ್ಲಿರುವ ವಿಷಕ್ಕೆ ಬಿ-1 ಎಂದು ಹೆಸರು. ಹಸುವಿನ ಲಿವರ್ ಅದರ ಒಂದು ಪಾಲನ್ನು ಎಂ-1 ಎಂಬ ರೂಪಕ್ಕೆ ಬದಲಿಸಿ ಹಾಲಿಗೆ ಬಿಡುತ್ತದೆ. ತಿಂದದ್ದರಲ್ಲಿ ನೂರಕ್ಕೆ 1ರಿಂದ 3 ಪಾಲು, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ 6ರವರೆಗೂ ಹಾಲಿಗೆ ಬರುವುದುಂಟು. ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಲೆಕ್ಕ ಮಾಡಿ ನೋಡೋಣ. ನಮ್ಮ ದೇಶದ ಕಾನೂನಿನಂತೆ ಒಂದು ಕಿಲೋ ಹಾಲಿನಲ್ಲಿ ಎಂ-1 ಅರ್ಧ ಮೈಕ್ರೋಗ್ರಾಂ ಮೀರಬಾರದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಹಿಂಡಿಯ ಕಿಲೋ ಒಂದರಲ್ಲಿ 50 ಮೈಕ್ರೋಗ್ರಾಂ ವಿಷ ಇದೆ, ಹಸು ದಿನಕ್ಕೆ 4 ಕಿಲೋ ತಿನ್ನುತ್ತದೆ, 8 ಲೀಟರ್ ಹಾಲು ಕೊಡುತ್ತದೆ ಎಂದಿಟ್ಟುಕೊಳ್ಳಿ. ತಿಂದದ್ದು 200 ಮೈಕ್ರೋಗ್ರಾಂ. ನೂರಕ್ಕೆ ಎರಡರಂತೆ ಹಾಲಿಗೆ ಬಂದದ್ದು 4. ಎಂಟು ಲೀಟರಿಗೆ ಹಂಚಿದರೆ ಲೀಟರಿಗೆ ಅರ್ಧ, ಅಂದರೆ ಮಿತಿಯ ಗೆರೆಯ ಮೇಲೆಯೇ ನಿಂತಿದ್ದೇವೆ. ಪಶು ಆಹಾರದ ಐ.ಎಸ್.ಐ. ಮಾನಕ ಕಿಲೋಗೆ 20 ಮೈಕ್ರೋಗ್ರಾಮಿಗಿಂತ ಹೆಚ್ಚು ಬಿ-1 ಇರಬಾರದೆನ್ನುವುದು ಸುಮ್ಮನೆ ಅಲ್ಲ.

ಕುದಿಸಿದರೆ ಹೋಗುವುದಿಲ್ಲವೇ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಹೋಗುವುದಿಲ್ಲ. ಕುದಿಸುವುದು ರೋಗಾಣುಗಳಿಗೆ ಮದ್ದು, ಈ ವಿಷಕ್ಕಲ್ಲ. ಮೊಸರು ಮಾಡಿದರೂ ಹೋಗುವುದಿಲ್ಲ. ಎಂ-1 ಹಾಲಿನ ಕೇಸಿನ್ ಎಂಬ ಸಸಾರಜನಕಕ್ಕೆ ಅಂಟಿಕೊಳ್ಳುವ ಸ್ವಭಾವದ್ದು. ಆದುದರಿಂದ ಪನೀರ್, ಚೀಸುಗಳಲ್ಲಿ ಕಿಲೋ ಲೆಕ್ಕದಲ್ಲಿ ಹಾಲಿಗಿಂತ ಹೆಚ್ಚೇ ಸೇರುತ್ತದೆ. ಬೆಣ್ಣೆ ತುಪ್ಪಗಳಿಗೆ ಹೋಗುವುದು ಬಹಳ ಕಡಿಮೆ. ಸೊಸೈಟಿಯಲ್ಲಿ ನಾವು ಹಾಲು ಅಳೆಯುವಾಗ ನೋಡುವುದು ಕೊಬ್ಬು ಮತ್ತು ಎಸ್.ಎನ್.ಎಫ್. ಮಾತ್ರ. ಇವೆರಡೂ ಚೆನ್ನಾಗಿದ್ದು ಒಳ್ಳೆಯ ರೇಟು ಸಿಕ್ಕಿದ ಹಾಲಿನಲ್ಲಿಯೂ ವಿಷ ಇರಬಹುದು.

ಇದು ದೂರದ ಊರಿನ ಸಂಗತಿಯಲ್ಲ. ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿ 2019ರಲ್ಲಿ ವರದಿಯನ್ನು ಪ್ರಕಟಿಸಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು ಬರೇ 12ರಲ್ಲಿ. ಮಿತಿ ಮೀರಿದ ಎಂ-1 ಸಿಕ್ಕಿದ್ದು 368ರಲ್ಲಿ! ಹೆಚ್ಚು ಕಂಡುಬಂದ ರಾಜ್ಯಗಳಲ್ಲಿ ತಮಿಳುನಾಡು, ದೆಹಲಿಯೊಂದಿಗೆ ನಮ್ಮ ಕೇರಳವೂ ಇತ್ತು. ಹಾಲಿಗೆ ಯೂರಿಯಾ ಬೆರೆಸುತ್ತಾರೆ, ಸೋಪು ಬೆರೆಸುತ್ತಾರೆ ಎಂದು ನಾವು ಪೇಟೆಯವರನ್ನು ದೂರುತ್ತೇವೆ. ಈ ವಿಷವನ್ನು ಬೆರೆಸಿದವರು ಯಾರೂ ಇಲ್ಲ, ಅದು ಬಾನಿಯಿಂದಲೇ ಬಂದದ್ದು.

ಕೊಪ್ಪರದ ವಿಷಯ

ತೆಂಗಿನ ನಾಡಿನವರಾದ ನಮಗೆ ಇದು ಮುಖ್ಯ. ಅಂಗಳದಲ್ಲಿ ಒಣಗಲು ಹಾಕಿದ ಕೊಪ್ಪರದ ಮೇಲೆ ಒಂದು ಮಳೆ ಬಿದ್ದರೆ ಸಾಕು. ಒಳ್ಳೆಯದನ್ನು ಆರಿಸಿ ಮಾರಾಟಕ್ಕೆ, ಬೂಷ್ಟು ಹಿಡಿದದ್ದು ಗಾಣಕ್ಕೆ, ಗಾಣದಿಂದ ಬಂದ ಹಿಂಡಿ ಹಸುವಿಗೆ: ಇದು ನಮ್ಮಲ್ಲಿ ಹಿಂದಿನಿಂದ ಬಂದ ಲೆಕ್ಕಾಚಾರ. ಆದರೆ ಗಾಣದಲ್ಲಿ ಎಣ್ಣೆ ಹಿಂಡಿದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿಯೇ ಉಳಿಯುತ್ತದೆ. ಹಳದಿ ಮಿಶ್ರಿತ ಹಸುರು ಬೂಷ್ಟು ಕಂಡರಂತೂ ಆ ಕೊಪ್ಪರವನ್ನು ಮುಟ್ಟಲೇಬಾರದು. ಕೊಪ್ಪರದ ತೇವಾಂಶ ನೂರಕ್ಕೆ 6ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಬಿಸಿಲು ನಂಬಲಾಗದ ತಿಂಗಳುಗಳಿಗೆಂದು ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಣ್ಣ ರೈತರಿಗೂ ಹೊಂದುವ ಒಣಗಿಸುವ ಗೂಡುಗಳನ್ನು ರೂಪಿಸಿದೆ. ನಾಲ್ಕು ಮನೆಯವರು ಸೇರಿ ಒಂದನ್ನು ಮಾಡಿಸಿಕೊಳ್ಳಬಹುದು.

ಬೂಷ್ಟನ್ನು ಉಜ್ಜಿ ತೆಗೆದರೆ, ಬಿಸಿಲಿಗೆ ಹಾಕಿದರೆ ಹಿಂಡಿ ಸರಿಯಾಯಿತೆಂದು ತಿಳಿಯಬೇಡಿ. ಬೂಷ್ಟು ಕಣ್ಣಿಗೆ ಕಾಣದೆ ಹೋದರೂ ಅದು ಬಿಟ್ಟ ವಿಷ ಉಳಿದಿರುತ್ತದೆ. ವಿಷವನ್ನು ಹಿಡಿದಿಡುವ ಪುಡಿಗಳೂ ಇವೆ, ಡಾಕ್ಟರರು ಹೇಳಿದರೆ ಹಾಕಬಹುದು. ಆದರೆ ಕೆಟ್ಟದ್ದನ್ನು ತಿನ್ನಿಸಲು ಅದೊಂದು ಪರವಾನಿಗೆ ಅಲ್ಲ.

ಮಳೆಗಾಲದಲ್ಲಿ ಎರಡು ಮೂರು ವಾರಕ್ಕೆ ಬೇಕಾದಷ್ಟೇ ಹಿಂಡಿ ತರುವುದು ಒಳ್ಳೆಯದು. ತರುವಾಗ ಚೀಲದಲ್ಲಿ ಐ.ಎಸ್.ಐ. ಗುರುತು, ತಯಾರಿಸಿದ ತಾರೀಕು ನೋಡಿ, ಕೈ ಹಾಕಿ ಹೆಂಟೆ ಇದೆಯೇ ಎಂದು ಪರೀಕ್ಷಿಸಿ, ಮೂಗಿಗೆ ಹಿಡಿದು ನೋಡಿ. ಅಡಿಕೆ ಮರದ ಸೀಳುಗಳನ್ನು ಕಲ್ಲಿನ ಮೇಲೆ ಜೋಡಿಸಿ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಗೋಣಿಯನ್ನಿಡಬೇಕು. ಖರ್ಚು ಇಷ್ಟೇ. ಒದ್ದೆ ಕೈಯಲ್ಲಿ ಹಿಂಡಿ ತೆಗೆಯುವ ಅಭ್ಯಾಸವನ್ನು ಮಕ್ಕಳಿಗೂ ಬಿಡಿಸಿ. ಬಾನಿಯ ಮೂಲೆಯಲ್ಲಿ ಅಂಟಿಕೊಂಡ ನಿನ್ನೆಯ ಹಿಂಡಿಯನ್ನು ದಿನಾಲೂ ತಿಕ್ಕಿ ತೊಳೆಯಿರಿ.

ಕೆಟ್ಟದ್ದನ್ನು ತಿನ್ನಿಸಿ ಆಗಿದ್ದರೆ ಕೂಡಲೇ ನಿಲ್ಲಿಸಿ. ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲಿನಲ್ಲಿ ಎಂ-1 ತೀರಾ ಇಳಿದುಬಿಡುತ್ತದೆ. ಅಷ್ಟು ದಿನದ ಹಾಲನ್ನು ಮಕ್ಕಳಿಗೂ ಕೊಡಬಾರದು, ಸೊಸೈಟಿಗೂ ಹಾಕಬಾರದು, ನಷ್ಟವಾಗುವುದು ನಿಜ.

ಹಾಳಾದ ಹಿಂಡಿಯನ್ನು ಕೋಳಿ, ಬಾತುಗಳಿಗೂ ಚೆಲ್ಲಬೇಡಿ. ಬಾತುಕೋಳಿ ಮರಿಗಳು ಈ ವಿಷಕ್ಕೆ ಎಲ್ಲರಿಗಿಂತ ಮೊದಲು ಸಾಯುತ್ತವೆ. ನಾಯಿಗೂ ಹಾಕಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪ್ರಾಣಿಗಳು ಕೆದಕದ ಕಡೆ ಗುಂಡಿ ತೋಡಿ ಹುಗಿದುಬಿಡಿ. ನಮ್ಮ ಆ ಗೋಣಿಯಲ್ಲಿ ಉಳಿದದ್ದನ್ನು ನಾವು ಹಾಗೆಯೇ ಹುಗಿದೆವು. ಆ ಮಳೆಗಾಲದ ನಂತರ ಹಟ್ಟಿಗೆ ಬಂದ ಪ್ರತಿ ಗೋಣಿಯ ಮೇಲೂ ತಂದ ತಾರೀಕನ್ನು ಬರೆಯುವ ಕೆಲಸ ಮನೆಯ ಸಣ್ಣ ಮಗಳದು.