ಬಂಡೆಯ ಬಿರುಕು ಅಳೆದರೆ ಜಮೀನು ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಬಾಳೆ ತೋಟದ ಪಕ್ಕದ ಗುಡ್ಡದಲ್ಲಿ ಕೆಲವರು ಬಂಡೆಗಳ ಬಿರುಕುಗಳನ್ನು ಟೇಪು ಹಿಡಿದು ಅಳೆದುಕೊಂಡು ಹೋದರು. ಕೇಳಿದರೆ ‘ತೈಲಬಾವಿಗಳ ಅಧ್ಯಯನಕ್ಕೆ’ ಎಂದರು. ಎಣ್ಣೆ ಸಿಕ್ಕಿದರೆ ಜಮೀನು ಹೋಗುತ್ತದೆಯೇ? ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.
– ರೈತ, ಕಡ್ಡಿರಾಂಪುರ

ಉತ್ತರ: ತೋಟವನ್ನೇ ನಂಬಿ ಬದುಕುವವರಿಗೆ ಈ ಭಯ ಸಹಜ. ಆದರೆ ನಿಮ್ಮ ನೆಲದಡಿ ತೈಲವಿಲ್ಲ, ನಿಶ್ಚಿಂತೆಯಿಂದಿರಿ.

ತೈಲ ಹುಟ್ಟುವುದು ಹಳೆಯ ಕಡಲು, ಸರೋವರಗಳ ತಳದ ಕೆಸರಿನಲ್ಲಿ. ಅದರಲ್ಲಿ ಹೂತ ಸೂಕ್ಷ್ಮಜೀವಿಗಳ ಅವಶೇಷ ಆಳಕ್ಕಿಳಿದು, ಕಾವಿಗೆ ಬೆಂದು ತೈಲವಾಗುತ್ತದೆ. ನಿಮ್ಮ ಗುಡ್ಡ ಗ್ರಾನೈಟಿನದು (ನೆಲದಾಳದ ಶಿಲಾರಸ ನಿಧಾನವಾಗಿ ಆರಿ ಗಟ್ಟಿಯಾದ ಕಲ್ಲು). ಅದಕ್ಕೆ ಸುಮಾರು 250 ಕೋಟಿ ವರ್ಷ. ಅಂಥ ಕೆಸರಿನ ಪದರ ಅಲ್ಲಿಲ್ಲ.

ಹಾಗಾದರೆ ಅಳೆದದ್ದೇಕೆ? ಬೇರೆ ಕಡೆ ತೈಲವು ಪಕ್ಕದ ಪದರಗಳಿಂದ ಸರಿದು ಗ್ರಾನೈಟಿನ ಬಿರುಕು ಸೇರಿರುವುದುಂಟು. ವಿಯೆಟ್ನಾಮಿನ ಬಾಚ್ ಹೋ ಇದಕ್ಕೆ ಹೆಸರುವಾಸಿ. ತಮಿಳುನಾಡಿನ ಮದನಂನಲ್ಲೂ ತಳಶಿಲೆಯಲ್ಲೇ (ಕೆಸರಿನ ಪದರಗಳ ಕೆಳಗಿನ ಹಳೆಯ ಗಟ್ಟಿ ಕಲ್ಲು) ತೈಲ ಸಿಕ್ಕಿದೆ. ಅಲ್ಲಿನ ಬಂಡೆ ಆಳದಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ. ಅಂಥ ಕಲ್ಲು ಹೇಗೆ ಸೀಳುತ್ತದೆಂದು ನೋಡಲು ಬಯಲಲ್ಲಿರುವ ಬಂಡೆಯೇ ಬೇಕು. ಬೋರ್‌ವೆಲ್ ನೀರು ಹರಿಯುವುದೂ ಇಂಥ ಬಿರುಕುಗಳಲ್ಲೇ. ಹಾಗಾಗಿ ಅಳೆದವರ ನಕ್ಷೆಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಇನ್ನೊಮ್ಮೆ ಬಂದರೆ ಸಂಸ್ಥೆಯ ಪತ್ರ ತೋರಿಸಿ ಎನ್ನಿ. ಕೇಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ನೆಲದ ಮೇಲಿನ ಬಂಡೆಯ ಬಿರುಕು ನೋಡಿ ಮೂರು ಕಿಲೋಮೀಟರು ಆಳದ ತೈಲದ ಬಂಡೆಯ ಬಗ್ಗೆ ಹೇಳುವುದು ಬರೀ ಊಹೆಯಲ್ಲವೇ? ಇದನ್ನೇ ಪ್ರಾಜೆಕ್ಟಿಗೆ ಆರಿಸಿಕೊಳ್ಳಲು ಅಂಜಿಕೆ.
– ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ಈ ಅನುಮಾನ ಇರುವವರೇ ಈ ಕೆಲಸಕ್ಕೆ ತಕ್ಕವರು. ಅಂಜಬೇಡಿ.

ತೈಲಬಾವಿಯಿಂದ ಬರುವ ಕಲ್ಲಿನ ತುಂಡು ಅಂಗೈಯಗಲ. ಪಕ್ಕದ ಬಾವಿ ಎಷ್ಟೋ ದೂರ. ಭೂಕಂಪನ ಸಮೀಕ್ಷೆಗೆ (ಕಂಪನದ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ವಿಧಾನ) ದೊಡ್ಡ ಸೀಳು ಕಾಣುತ್ತದೆ, ಸಣ್ಣದು ತಪ್ಪಿಹೋಗುತ್ತದೆ. ನಡುವಿನ ಗಾತ್ರದ ಬಿರುಕುಗಳನ್ನು ತೋರಿಸುವುದು ಹೊರಶಿಲೆ (ನೆಲದ ಮೇಲೆ ಬಯಲಾದ ಬಂಡೆ). ಬಿರುಕಿನ ದಿಕ್ಕು, ಉದ್ದ, ಅಂತರ ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಯಾವುದು ಯಾವುದನ್ನು ಕೂಡುತ್ತದೆ ಎಂಬುದು. ಒಂಟಿ ಬಿರುಕಿನಲ್ಲಿ ತೈಲ ಇದ್ದರೂ ಬಾವಿಗೆ ಹರಿಯದು. ಕಂಪ್ಯೂಟರಿನ ಮಾದರಿಯಲ್ಲಿ ಈ ಬಿರುಕುಗಳ ನಕಲು ಇರುವುದಿಲ್ಲ, ಇವು ಹರಡಿರುವ ರೀತಿ ಇರುತ್ತದೆ. ಬಾವಿಯ ಒತ್ತಡ, ಹರಿವಿಗೆ ಅದು ತಾಳೆಯಾಗದಿದ್ದರೆ ಮಾದರಿಯನ್ನೇ ತಿದ್ದಬೇಕು.

ನಿಮ್ಮ ಹತ್ತಿರದ ಹಂಪಿಯ ಸುತ್ತ ಮೋಸಹೋಗುವುದು ಸುಲಭ. ಬಿಸಿಲು, ಮಳೆ ಬಿರುಕುಗಳನ್ನು ಅಗಲಿಸಿ ಗುಂಡುಬಂಡೆಗಳನ್ನು ಮಾಡಿವೆ, ಆದ್ದರಿಂದ ಅಗಲದ ಅಳತೆ ನಂಬಬೇಡಿ. ನೆಲಕ್ಕೆ ಸಮಾನಾಂತರವಾಗಿ ಈರುಳ್ಳಿಯ ಹಾಗೆ ಬಿಡಿಸಿಕೊಳ್ಳುವ ಬಿರುಕುಗಳು ಮೇಲಿನ ಭಾರ ಇಳಿದಾಗ ಆದವು. ಅಷ್ಟು ಆಳದಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ, ಲೆಕ್ಕದಿಂದ ತೆಗೆಯಿರಿ. ಕ್ವಾರಿಯ ಹೊಸ ಮುಖ ಒಳ್ಳೆಯದು, ಸಿಡಿಮದ್ದಿನ ಬಿರುಕುಗಳನ್ನು ಮಾತ್ರ ಬೇರೆ ಗುರುತಿಸಿ. ಸ್ಮಾರಕಗಳ ಹತ್ತಿರ ಸುತ್ತಿಗೆ ಎತ್ತಲೇಬೇಡಿ. ದಿಕ್ಸೂಚಿ, ಟೇಪು, ನೋಟ್‌ಬುಕ್ ಸಾಕು.