ರಿಪೋರ್ಟ್ ಎಲ್ಲ ನಾರ್ಮಲ್, ಸುಸ್ತು ಮಾತ್ರ ಹೋಗದು

ಪ್ರಶ್ನೆ: ಪತ್ನಿಗೆ 46 ವರ್ಷ. ಮೂರು ವರ್ಷದಿಂದ ಸುಸ್ತು, ತಲೆಭಾರ, ಮೈಕೈ ನೋವು. ಥೈರಾಯ್ಡ್, ಶುಗರ್, ಬಿ-12 ಎಲ್ಲ ಸರಿಯಿದೆ. ಮನೆಕೆಲಸ ನಿಂತಿಲ್ಲ, ಆದರೆ ಯಾವುದರಲ್ಲೂ ಮನಸ್ಸಿಲ್ಲ. ಬಡಾವಣೆಯ ಡಾಕ್ಟರು ಈಗ ಖಿನ್ನತೆಯ ಮಾತ್ರೆ ಬರೆದಿದ್ದಾರೆ. ಮನೋವೈದ್ಯರಲ್ಲದವರು ಇದನ್ನು ಕೊಡಬಹುದೇ? ಜೀವನಪೂರ್ತಿ ನುಂಗಬೇಕೇ?
– ಓದುಗರು, ವಿಜಯನಗರ

ಉತ್ತರ: ಧಾರಾಳವಾಗಿ ಕೊಡಬಹುದು.

ರಾಜಾಜಿನಗರದಿಂದ ಕೆಂಗೇರಿವರೆಗೆ ಯಾವ ಕ್ಲಿನಿಕ್ಕಿನಲ್ಲಿ ಕೂತರೂ ‘ನನಗೆ ಖಿನ್ನತೆ’ ಎನ್ನುತ್ತಾ ಒಳಬರುವವರು ಅಪರೂಪ. ಸುಸ್ತು, ಗ್ಯಾಸ್ಟ್ರಿಕ್, ನಿದ್ದೆಯಿಲ್ಲ ಎಂದೇ ಬರುತ್ತಾರೆ. ಟಾನಿಕ್ಕು, ವಿಟಮಿನ್ ಇಂಜೆಕ್ಷನ್ ಆಗುತ್ತದೆ. ಒಂದು ವಾರ ಗೆಲುವು, ಮತ್ತೆ ಅದೇ ಕಥೆ. ಹಳೆಯ ಖಿನ್ನತೆ ಬೂದಿಯಡಿಯ ಕೆಂಡದ ಹಾಗೆ. ಅಡುಗೆ ಆಗುತ್ತದೆ, ಬಟ್ಟೆ ಒಣಗುತ್ತದೆ, ‘ಅವಳ ಸ್ವಭಾವವೇ ಹಾಗೆ’ ಎಂದು ಮನೆಮಂದಿಯೂ ಸುಮ್ಮನಾಗುತ್ತಾರೆ. ವೈದ್ಯರು ನೋಡುವುದು ಅವಧಿಯನ್ನು: 2 ವರ್ಷ ಹೆಚ್ಚಿನ ದಿನಗಳು ಮಂಕಾಗಿಯೇ ಕಳೆದು, ನಡುವೆ 2 ತಿಂಗಳಿಗಿಂತ ಹೆಚ್ಚು ಬಿಡುವು ಸಿಕ್ಕಿರದಿದ್ದರೆ ಅದು ಸ್ವಭಾವವಲ್ಲ, ಕಾಯಿಲೆ.

ಸಾಮಾನ್ಯ ವೈದ್ಯರು ಇದನ್ನು ನೋಡುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳ ಚಿಕಿತ್ಸೆ ಕಲಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾದದ್ದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 20 ಜನರಲ್ಲಿ ಒಬ್ಬರಿಗೆ ಖಿನ್ನತೆಯ ಕಾಟ. ಅಷ್ಟೂ ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರುವುದು?

ಕ್ಲಿನಿಕ್ಕಿನಲ್ಲಿ ಬಳಸುವ ‘ಪಿಎಚ್‌ಕ್ಯು-9’ ಒಂದು ಹಾಳೆಯ ಪಟ್ಟಿ: 9 ಪ್ರಶ್ನೆ, 27 ಅಂಕ. ಅಂಕ 10 ಮುಟ್ಟಿದರೆ ವಿವರವಾಗಿ ಮಾತಾಡಿಸಬೇಕು. ಕೊನೆಯ ಪ್ರಶ್ನೆ ಸಾವಿನ ಯೋಚನೆಯದು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಅಳುಕು ಕೆಲವು ವೈದ್ಯರಲ್ಲೂ ಇದೆ, ಅದಕ್ಕೆ ಆಧಾರವಿಲ್ಲ. ಹಿಂದೆಂದಾದರೂ ವಿಪರೀತ ಹುರುಪು, ನಿದ್ದೆ ಬೇಡದ ದಿನಗಳು ಇದ್ದವೇ ಎಂದೂ ಕೇಳಬೇಕು. ಇದ್ದರೆ ಔಷಧಿಯ ದಾರಿಯೇ ಬೇರೆ.

ಇನ್ನು ಮಾತ್ರೆ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥವು ಮೊದಲ ವಾರ ಹೊಟ್ಟೆ ತೊಳಸಬಹುದು. ಗುಣ ಕಾಣಲು 2ರಿಂದ 4 ವಾರ ಬೇಕು. ‘ಸರಿಹೋಯಿತಲ್ಲ’ ಎಂದು ಮೂರನೇ ತಿಂಗಳಿಗೇ ಬಿಟ್ಟವರು ಮತ್ತೆ ಬರುತ್ತಾರೆ. ಚೇತರಿಕೆಯಾದ ಮೇಲೂ ಕನಿಷ್ಠ 6 ತಿಂಗಳು, ಇಷ್ಟು ಹಳೆಯದಾದರೆ ಇನ್ನೂ ಹೆಚ್ಚು ಕಾಲ ತೆಗೆದುಕೊಂಡು, ವೈದ್ಯರು ಹೇಳಿದಂತೆ ಡೋಸ್ ಇಳಿಸುತ್ತಾ ನಿಲ್ಲಿಸುವುದು ಕ್ರಮ. ಅಂದಹಾಗೆ, ಚಟವಾಗುವ ಮಾತ್ರೆ ಇದಲ್ಲ. ಚಟವಾಗುವುದು ನಿದ್ದೆಗೆಂದು ಮೆಡಿಕಲ್ ಶಾಪಿನಿಂದ ನೇರವಾಗಿ ತರುವ ಆಲ್‌ಪ್ರಜೋಲಮ್.

ಎರಡು ಔಷಧಿಗೂ ಬಗ್ಗದಿದ್ದರೆ ಅಥವಾ ಸಾಯುವ ಮಾತು ಬಂದರೆ ಮನೋವೈದ್ಯರನ್ನು ಕಾಣಲೇಬೇಕು. ಸರ್ಕಾರದ ‘ಟೆಲಿ-ಮಾನಸ್’ 14416 ಉಚಿತ. ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಭೇಟಿಗೆ ಪತಿಯೂ ಜೊತೆಗೆ ಹೋಗಲಿ. ಆದರೆ ಮೊದಲ ಐದು ನಿಮಿಷ ಹೊರಗಿನ ಬೆಂಚಿನ ಮೇಲೆ ಕೂತಿರಲಿ.